ತೋಳಂಚಿನ ಗುಬ್ಬಿಕಾಲು

ಒಂದು ಟಿಕೆಟ್ಟಿಗೆ ನಾನೂರು ಅಂಗಿ. ಹದಿನಾರು ತುಂಬದ ಹುಡುಗಿಯರ ಜೊತೆ ದೊಡ್ಡವರೊಬ್ಬರು ಇರಲೇಬೇಕಂತೆ, ಹಾಗಾಗಿ ಎರಡು ಟಿಕೆಟ್ಟು, ಎಂಟುನೂರು ಅಂಗಿ. ಕೈಯಲ್ಲಿ ಹಿಡಿದು ಆಡಿಸುವ ನೀಲಿ ದೀಪದ ಕೋಲಿಗೆ ಅರವತ್ತು. ಅದರ ಬ್ಯಾಟರಿಗೆ ಬೇರೆ ಆರು. ಮೈದಾನದೊಳಗೆ ಮನೆಯ ನೀರು ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು; ಬಾಟಲಿಗೆ ಐದು ಅಂಗಿ. ನೀರಿಗೆ ಐದು ಅಂಗಿ!

ಇಸ್ತ್ರಿಯಕ್ಕ ಲೋಕದ ಬೆಲೆಯನ್ನೆಲ್ಲ ಅಂಗಿಯಲ್ಲೇ ಅಳೆಯುತ್ತಿದ್ದಳು. ಲಾಂಡ್ರಿಯಲ್ಲಿ ಅವಳಿಗೆ ಕೂಲಿ ಅಂಗಿಯ ಲೆಕ್ಕದಲ್ಲೇ. ದುಡ್ಡು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ, ಅಂಗಿ ಹಾಗಲ್ಲ. ಮೊದಲು ಕಾಲರ್, ಆಮೇಲೆ ಕಫ್, ತೋಳು, ಬೆನ್ನು, ಗುಂಡಿಯ ಸುತ್ತ ಮೂಗು ತೂರಿಸಿ ತೆಗೆಯುವ ಸುಕ್ಕು. ಒಂದೊಂದಕ್ಕೂ ಸೊಂಟ ಎಷ್ಟು ಬಾಗಬೇಕು ಎಂದು ಅವಳ ಸೊಂಟಕ್ಕೇ ಗೊತ್ತು. ಎಂಟುನೂರು ಸಲ ಬಾಗಿದರೆ ಒಬ್ಬ ಹುಡುಗ ಎರಡು ಗಂಟೆ ಹಾಡುತ್ತಾನೆ.

ಆ ಹುಡುಗನನ್ನು ಊರ ಹುಡುಗಿಯರೆಲ್ಲ ಮಿಂಚು ಎಂದು ಕರೆಯುತ್ತಿದ್ದರು. ಮನೆಯಲ್ಲಿದ್ದದ್ದು ತಾಯಿ ಮಗಳು ಇಬ್ಬರೇ. ಆದರೆ ಗೋಡೆಯ ಮೇಲೆ ಅವನು ಹನ್ನೊಂದು ಕಡೆ ಇದ್ದ. ತೆಳ್ಳಗಿನ ಕತ್ತು, ಕಣ್ಣಿನ ಮೇಲೆ ಬೀಳುವ ಕೂದಲು. ಪಾತ್ರೆ ತೊಳೆಯುವಾಗೆಲ್ಲ ಇಸ್ತ್ರಿಯಕ್ಕನ ಕಣ್ಣು ಅತ್ತ ಹೋಗುತ್ತಿತ್ತು.

"ಈ ಹುಡುಗನಿಗೆ ಯಾರೂ ಹೊಟ್ಟೆ ತುಂಬ ಬಡಿಸೋರಿಲ್ವೇನೇ?"

"ಅಮ್ಮಾ, ನೀನು ಸುಮ್ನಿರು."

"ನಾನು ಸುಮ್ನೇ ಇದ್ದೀನಿ. ಅವನೇ ಬೆಳಗಿಂದ ಒಂದೇ ಸಮನೆ ಹಾಡ್ತಿದ್ದಾನೆ."

ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆ ಹೆಸರು ಬಂದದ್ದು ಲಾಂಡ್ರಿಯಿಂದ. ಹತ್ತಾರು ಮನೆಯ ಬಟ್ಟೆ ಒಂದೇ ಹಂಡೆಯಲ್ಲಿ ಕುದಿಯುವ ಜಾಗದಲ್ಲಿ ಗುರುತಿಲ್ಲದಿದ್ದರೆ ಯಾರ ಪ್ಯಾಂಟು ಯಾರ ಕಾಲಿಗೆ ಹೋಗುತ್ತದೋ ಹೇಳಲಾಗದು. ಗುರುತು ಒತ್ತುವ ಯಂತ್ರ ತರಲು ಯಜಮಾನರಿಗೆ ಕೈ ಬಾರದು. ಹಾಗಾಗಿ ಪ್ರತಿ ಹೆಂಗಸೂ ತನ್ನ ಪಾಲಿನ ಮನೆಗಳ ಬಟ್ಟೆಗೆ ಕೆಂಪು ದಾರದಲ್ಲಿ ತನ್ನದೇ ಗುರುತು ಹಾಕಬೇಕು. ಗಂಜಿ ಹಾಕುವ ಗಂಜಿಯಮ್ಮನದು ಅಡ್ಡ-ಉದ್ದ ಎರಡು ಹೊಲಿಗೆ. ಇಸ್ತ್ರಿಯಕ್ಕನದು ಮೂರು ಓರೆ ಹೊಲಿಗೆ, ಮೂರೂ ಕೆಳಗೆ ಒಂದೇ ಕಡೆ ಸೇರಬೇಕು: ಗುಬ್ಬಿಯ ಕಾಲು. ಕೆಲಸಕ್ಕೆ ಸೇರಿದಾಗ ಮಗಳು ಇನ್ನೂ ತೆವಳುತ್ತಿದ್ದಳು, ಇಸ್ತ್ರಿ ಮೇಜಿನ ಕೆಳಗೆ ಬುಟ್ಟಿಯಲ್ಲಿ ಮಲಗುತ್ತಿದ್ದಳು. ಗುಬ್ಬಿಕಾಲಿನವಳ ಮಗು ಗುಬ್ಬಿಯಾಯಿತು.

ಮನೆಗಳ ಬಟ್ಟೆಯಲ್ಲಿ ಈ ಗುರುತು ಹಾಗೇ ಉಳಿದರೂ ಯಾರೂ ಕೇಳುವುದಿಲ್ಲ. ದೊಡ್ಡ ಹೋಟೆಲಿನಿಂದ ಬರುವ ಬಟ್ಟೆ ಮಾತ್ರ ಬೇರೆ. ಅದರ ಕೂಲಿ ಎರಡರಷ್ಟು, ನಿಯಮವೂ ಎರಡರಷ್ಟು. ಮಡಚುವ ಮುಂಚೆ ಗುರುತು ಕಿತ್ತಿರಬೇಕು, ಸೂಜಿ ಹೋದ ಜಾಗ ಕಾಣಬಾರದು. ಗುರುತು ಉಳಿಸಿ ಕಳಿಸಿದವರ ಕೈಗೆ ಹೋಟೆಲ್ ಬಟ್ಟೆ ಮತ್ತೆ ಬರುವುದಿಲ್ಲ. ಇಸ್ತ್ರಿಯಕ್ಕ ಇಲ್ಲಿಯವರೆಗೆ ಒಂದನ್ನೂ ಉಳಿಸಿರಲಿಲ್ಲ. ಮನೆ ಬಾಡಿಗೆ ಹುಟ್ಟುತ್ತಿದ್ದುದು ಆ ಹೋಟೆಲ್ ಬಟ್ಟೆಯಿಂದಲೇ.

ಮಿಂಚುವಿನ ಕಾರ್ಯಕ್ರಮಕ್ಕೆ ವಾರವಿರುವಾಗ ಹೋಟೆಲಿನಿಂದ ಒಂದು ಬಿಳಿ ಕೋಟು ಬಂತು. ಅರ್ಜೆಂಟು. ಚೀಟಿಯಲ್ಲಿ ಕೋಣೆಯ ನಂಬರು ಬಿಟ್ಟರೆ ಬೇರೇನೂ ಇಲ್ಲ. ಕಾಲರಿನ ತುಂಬ ಮಣಿ, ಒಳಗೆ ಸೂಜಿ ತಾಗಿದರೆ ತೂತು ಉಳಿಯುವಂಥ ತೆಳು ರೇಷ್ಮೆ. ಗುರುತು ಹಾಕಲು ಎಲ್ಲೂ ಜಾಗವಿಲ್ಲ. ಕೊನೆಗೆ ಎಡತೋಳಿನ ಕಫ್ ಒಳಗೆ, ಮಡಿಕೆಯ ಅಂಚಿನಲ್ಲಿ ಮೂರು ಹೊಲಿಗೆ ಹಾಕಿದಳು. ಕೋಟು ತೊಳೆದು ಒಣಗಿ ಮೇಜಿಗೆ ಬಂತು. ಇಸ್ತ್ರಿ ಮುಗಿಯಿತು. ಗುರುತು ಕೀಳಲೆಂದು ಸಣ್ಣ ಕತ್ತರಿ ಕೈಗೆ ತೆಗೆದುಕೊಂಡಳು. ಆಗ ಫೋನು ಬಡಿದುಕೊಂಡಿತು.

"ಅಮ್ಮಾ... ಅಮ್ಮಾ..." ಅತ್ತ ಕಡೆ ಗುಬ್ಬಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಏನಾಯ್ತೇ? ಎಲ್ಲಿದ್ದೀಯಾ? ಬಿದ್ಯಾ? ಗ್ಯಾಸ್ ಆಫ್ ಮಾಡಿದ್ಯಾ?"

"ಸಿಕ್ತಮ್ಮಾ!"

"ಏನೇ ಸಿಕ್ತು?"

"ಟಿಕೆಟ್ಟು! ಮುಗಿದೇ ಹೋಯ್ತು ಅಂದಿದ್ರು, ಇವತ್ತು ಒಂದಿಷ್ಟು ಬಿಟ್ರು, ಸಿಕ್ಕೇ ಬಿಡ್ತು! ಅಮ್ಮಾ ನಂಗೆ ಉಸಿರು ಕಟ್ತಿದೆ!"

ಇಸ್ತ್ರಿಯಕ್ಕ ಸ್ಟೂಲಿನ ಮೇಲೆ ಕೂತು ನೀರು ಕುಡಿದಳು. ಯಾರೋ ಸತ್ತರೆಂದೇ ತಿಳಿದಿದ್ದಳು. ಹೊರಗೆ ಹೋಟೆಲಿನ ವ್ಯಾನು ಹಾರ್ನ್ ಬಾರಿಸಿತು, ಗಂಜಿಯಮ್ಮ ಓಡಿಬಂದು ಕೋಟು ಮಡಚಿ ಪೆಟ್ಟಿಗೆಗೆ ಹಾಕಿ ಕಳಿಸಿಬಿಟ್ಟಳು. ಕತ್ತರಿ ಇಸ್ತ್ರಿಯಕ್ಕನ ಮಡಿಲಲ್ಲೇ ಇತ್ತು.

ಮೂರನೆಯ ದಿನ ಗುಬ್ಬಿ ಶಾಲೆಯಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೇಳಿದಳು.

"ಅಮ್ಮಾ, ಕೆಂಪು ದಾರ ಕೊಡು."

"ಯಾತಕ್ಕೆ?"

ಗುಬ್ಬಿ ಫೋನು ಮುಂದೆ ಹಿಡಿದಳು. ಟಿವಿ ಸಂದರ್ಶನದಲ್ಲಿ ಮಿಂಚು ಬಿಳಿ ಕೋಟು ಹಾಕಿ ಕೂತಿದ್ದ. ಸೆಖೆಗೋ ಶೋಕಿಗೋ, ಕಫ್‌ಗಳನ್ನು ಹೊರಕ್ಕೆ ಮಡಚಿಕೊಂಡಿದ್ದ. ಕೂದಲು ಹಿಂದಕ್ಕೆ ತಳ್ಳಲು ಎತ್ತಿದ ಎಡಗೈಯನ್ನು ಯಾರೋ ದೊಡ್ಡದು ಮಾಡಿ ಹಾಕಿದ್ದರು. ಬಿಳಿಯ ಮೇಲೆ ಮೂರು ಕೆಂಪು ಗೆರೆ, ಮೂರೂ ಕೆಳಗೆ ಒಂದೇ ಕಡೆ ಸೇರಿದ್ದವು.

ಇಸ್ತ್ರಿಯಕ್ಕನಿಗೆ ಕೀಳದೆ ಬಿಟ್ಟ ಹೊಲಿಗೆ ನೆನಪಾಯಿತು. ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ.

"ಎಲ್ರೂ ಹಾಕ್ಕೋತಿದ್ದಾರೆ," ಅಂದಳು ಗುಬ್ಬಿ, ಅಮ್ಮನ ಮುಖ ನೋಡದೆ. "ಅವನು ನಮಗೇನೋ ಹೇಳ್ತಿದ್ದಾನಂತೆ. ಕೆಲವರು ಹಾಡೋದನ್ನೇ ಬಿಟ್ಟುಬಿಡ್ತಾನೆ ಅಂತಾರೆ. ಕೆಲವರು ನಾನು, ನೀವು, ಹಾಡು ಮೂರೂ ಒಂದೇ ಅಂತಾರೆ. ಕನ್ನಡಕ ಏನಂತಾಳೆ ಗೊತ್ತಾ? ಅದು ಹೆಜ್ಜೆಯಂತೆ. ನೀನು ಒಬ್ಬಳೇ ಇಲ್ಲ, ಮುಂದೆ ಯಾರೋ ನಡೆದಿದ್ದಾರೆ ಅಂತ ಅರ್ಥವಂತೆ."

ಕನ್ನಡಕ ಎಂದರೆ ಗುಬ್ಬಿಯ ಗೆಳತಿ, ಅರ್ಧ ಮುಖ ಕನ್ನಡಕವೇ ಆಗಿರುವ ಹುಡುಗಿ. ಮಾತು ತೊದಲುತ್ತಿತ್ತು. ಬಾಗಿಲಲ್ಲಿ ನಿಂತು "ಆಂಟಿ" ಎನ್ನಲು ಹೊರಟರೆ ಆ 'ಆ' ಅಕ್ಷರದಲ್ಲೇ ಸಿಕ್ಕಿಬಿದ್ದು ಕತ್ತಿನ ನರ ಉಬ್ಬುತ್ತಿತ್ತು. ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳಂತೆ. ಗುಬ್ಬಿಗೆ ಮಾತ್ರ ಪುಟಗಟ್ಟಲೆ ಬರೆದು ಕಳಿಸುತ್ತಿದ್ದಳು.

ಇಸ್ತ್ರಿಯಕ್ಕ ಡಬ್ಬಿಯಿಂದ ದಾರದ ಉಂಡೆ ತೆಗೆದುಕೊಟ್ಟಳು. ಬೇರೇನು ಮಾಡಲಿ? ಅದು ನನ್ನ ಗುರುತು ಕಣೇ ಎಂದರೆ ಈ ಹುಡುಗಿ ಖುಷಿಯಲ್ಲಿ ಬೆಳಗಾಗುವುದರೊಳಗೆ ಊರಿಗೆಲ್ಲ ಡಂಗುರ ಸಾರುತ್ತಾಳೆ. ಅದು ಯಜಮಾನರ ಕಿವಿಗೆ ಬೀಳುತ್ತದೆ, ಹೋಟೆಲಿನವರ ಕಿವಿಗೂ ಬೀಳುತ್ತದೆ. ಆಮೇಲೆ ಬಾಡಿಗೆಗೆ ಯಾರ ಮುಂದೆ ಕೈ ಚಾಚುವುದು?

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಬಸ್ಸಿನಲ್ಲಿ ಸಲಾಕೆ ಹಿಡಿದ ಕೈಗಳ ತೋಳಂಚಿನಲ್ಲಿ ಗುಬ್ಬಿಕಾಲು. ಬ್ರೆಡ್ಡಿನ ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ಹುಡುಗಿಯ ತೋಳಲ್ಲಿ ಗುಬ್ಬಿಕಾಲು, ಅದೂ ತಲೆಕೆಳಗಾಗಿ. ಅದನ್ನು ಕಿತ್ತು ಸರಿಯಾಗಿ ಹಾಕಿಕೊಡಲು ಇಸ್ತ್ರಿಯಕ್ಕನ ಬೆರಳು ತುರಿಸಿದವು. ಲಾಂಡ್ರಿಯಲ್ಲಿ ಒಂದು ಅಂಗಿಗೆ ಎರಡೆರಡು ಸಲ ಗುರುತು ಹಾಕಿದಳು, ಒಂದಕ್ಕೆ ಹಾಕಲೇ ಇಲ್ಲ.

"ಏನೇ, ಮಗಳ ಹುಚ್ಚು ನಿನಗೂ ಅಂಟ್ತಾ?" ಗಂಜಿಯಮ್ಮ ಕೇಳಿದಳು.

"ನಿದ್ದೆ ಸರಿ ಬರ್ತಿಲ್ಲ."

"ಎಲ್ಲಿಂದ ಬರುತ್ತೆ? ಎಂಟುನೂರು ಅಂಗಿ ಎದೆ ಮೇಲೆ ಕೂತಿದ್ರೆ!"

ಕಾರ್ಯಕ್ರಮ ಇದ್ದದ್ದು ಭಾನುವಾರ ಮಧ್ಯಾಹ್ನ, ಬಯಲು ಮೈದಾನದಲ್ಲಿ. ಬಾಗಿಲು ತೆಗೆಯುವ ಎಷ್ಟೋ ಹೊತ್ತಿನ ಮುಂಚೆಯೇ ಸಾಲು ರಸ್ತೆ ದಾಟಿ ಪೆಟ್ರೋಲ್ ಬಂಕಿನ ತನಕ ಹೋಗಿತ್ತು. ಕನ್ನಡಕ ತನ್ನ ಟಿಕೆಟ್ಟು ಹಿಡಿದು ಇವರ ಜೊತೆಗೇ ಬಂದಿದ್ದಳು. ಇಸ್ತ್ರಿಯಕ್ಕ ಚೀಲದಲ್ಲಿ ಬ್ರೆಡ್ಡು, ಬಾಳೆಹಣ್ಣು, ಸೂಜಿ ದಾರ, ಹನ್ನೆರಡು ಸೇಫ್ಟಿ ಪಿನ್ನು ತಂದಿದ್ದಳು. ಒಂದು ಗಂಟೆಯೊಳಗೆ ಅಷ್ಟು ಪಿನ್ನೂ ಖಾಲಿ. ಯಾರದೋ ಚೀಲದ ಪಟ್ಟಿ ಕಿತ್ತಿತ್ತು, ಯಾರದೋ ಜಿಪ್ಪು ಬಾಯಿ ಬಿಟ್ಟಿತ್ತು.

"ಬೆಳಗ್ಗೆ ಏನು ತಿಂದ್ರೇ?" ಎಂದು ಸಾಲಿನಲ್ಲಿದ್ದವರನ್ನೆಲ್ಲ ಕೇಳಿದಳು. ಒಬ್ಬಳೂ ತಿಂದಿರಲಿಲ್ಲ. ನೀರು ಕುಡಿದರೆ ಸಾಲು ಬಿಟ್ಟು ಹೋಗಬೇಕಾಗುತ್ತದೆಂದು ನೀರನ್ನೂ ಕುಡಿದಿರಲಿಲ್ಲ.

"ಆಮೇಲೆ ಇವರು ದೊಪ್ಪನೆ ಬೀಳ್ತಾರೆ, ಪೇಪರಿನವರು ಪ್ರೀತಿಯಿಂದ ಬಿದ್ರು ಅಂತ ಬರೀತಾರೆ," ಎಂದು ಗೊಣಗಿಕೊಂಡು ಬಾಳೆಹಣ್ಣು ಮುರಿದು ಹಂಚಿದಳು. ಕನ್ನಡಕ ಎರಡು ತುಂಡು ತಿಂದು ಏನೋ ಹೇಳಹೊರಟಳು. ಬಾಯಿ ತೆರೆದು, ಕಣ್ಣು ಮುಚ್ಚಿ, ಗದ್ದ ನಡುಗಿಸಿದಳು. "ಥ್ಯಾ..." ಎಂದದ್ದು ಮುಗಿಯಲಿಲ್ಲ. ಇಸ್ತ್ರಿಯಕ್ಕ ಅವಳ ಬೆನ್ನು ತಟ್ಟಿ, "ಇರಲಿ ಬಿಡಮ್ಮ, ತಿನ್ನು," ಅಂದಳು.

ಒಳಗೆ ಹೋದಮೇಲೆ ಮಿಂಚು ಬರುವ ಮುಂಚೆಯೇ ಅಳು ಶುರುವಾಗಿತ್ತು. ವೇದಿಕೆಯ ಮೇಲೆ ಯಾರೋ ಮೈಕು ಸರಿ ಮಾಡಲು ಬಂದರೂ ಕಿರುಚಾಟ, ವೈರು ಎಳೆದರೂ ಕಿರುಚಾಟ. ಆಮೇಲೆ ಅವನು ಬಂದ. ಇಸ್ತ್ರಿಯಕ್ಕ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು. ಲಾಂಡ್ರಿಯ ಬಾಯ್ಲರಿನ ಮುಚ್ಚಳ ಒಮ್ಮೆ ಹಾರಿಹೋದಾಗಲೂ ಇಂಥ ಸದ್ದು ಬಂದಿರಲಿಲ್ಲ.

ಪಕ್ಕದಲ್ಲಿ ಗೊತ್ತಿಲ್ಲದ ಹುಡುಗಿಯೊಬ್ಬಳ ಕೆನ್ನೆ ಮೇಲೆ ನೀರು ಹರಿಯುತ್ತಿತ್ತು. ಇಸ್ತ್ರಿಯಕ್ಕ ಅವಳ ಕಿವಿಗೆ ಬಾಯಿಟ್ಟು ಕೇಳಿದಳು. "ಯಾಕಮ್ಮ ಅಳ್ತೀಯಾ? ಎಲ್ಲಾದ್ರೂ ನೋಯ್ತಿದೆಯಾ?"

"ಇಲ್ಲ ಆಂಟಿ. ತುಂಬಾ ಚೆನ್ನಾಗಿದೆ."

"ಚೆನ್ನಾಗಿದ್ರೆ ಯಾಕೆ ಅಳು?"

"ಗೊತ್ತಿಲ್ಲ ಆಂಟಿ!" ಎಂದು ಆ ಹುಡುಗಿ ನಗುತ್ತ ಇನ್ನೂ ಜೋರಾಗಿ ಅತ್ತಳು. ಅತ್ತದ್ದಲ್ಲದೆ ಇಸ್ತ್ರಿಯಕ್ಕನನ್ನು ತಬ್ಬಿಕೊಂಡು ಅವಳ ಭುಜವನ್ನೆಲ್ಲ ಒದ್ದೆ ಮಾಡಿದಳು.

ಅವಳ ತಲೆಯ ಮೇಲಿಂದ ಕಣ್ಣಾಡಿಸಿದಾಗ ಕನ್ನಡಕ ಕಂಡಳು. ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಹಾಡಿನ ಒಂದೊಂದು ಸಾಲನ್ನೂ ಗಂಟಲು ಕಿತ್ತುಹೋಗುವಂತೆ ಹಾಡುತ್ತಿದ್ದಳು. ಎಲ್ಲೂ ತಡೆಯಲಿಲ್ಲ, ಒಂದಕ್ಷರವೂ ತೊಡರಲಿಲ್ಲ. ಸಾಲಿನಲ್ಲಿ ಅಷ್ಟು ಹೊತ್ತು ಹುಡುಕಿದರೂ ಸಿಗದಿದ್ದ ಮಾತು ಈಗ ನಲ್ಲಿ ತಿರುಗಿಸಿದಂತೆ ಬರುತ್ತಿತ್ತು.

ಇಸ್ತ್ರಿಯಕ್ಕ ಕಿವಿಯಿಂದ ಕೈ ತೆಗೆದಳು. ಇಲ್ಲಿರುವ ಒಂದೊಂದು ಹುಡುಗಿಗೂ ಮನೆಯಲ್ಲಿ ಮೆಲ್ಲಗೆ ಮಾತಾಡು ಎಂದಿರುತ್ತಾರೆ, ಬಸ್ಸಿನಲ್ಲಿ ಹಲ್ಲು ಬಿಡಬೇಡ ಎಂದಿರುತ್ತಾರೆ. ಅವಳೇ ಗುಬ್ಬಿಗೆ ದಿನಕ್ಕೆ ಎಷ್ಟು ಸಲ ಹೇಳಿಲ್ಲ, ಮೆತ್ತಗೆ ಕಣೇ, ಕೆಳಗಿನ ಮನೆಯವರು ಏನಂದುಕೊಳ್ಳುತ್ತಾರೆ ಎಂದು? ಒತ್ತಿಟ್ಟ ಉಗಿ ಎಲ್ಲಾದರೂ ಹೊರಗೆ ಬರಲೇಬೇಕು. ಅಷ್ಟು ಅವಳಿಗೆ ಅರ್ಥವಾಯಿತು. ಆದರೆ ಬರೀ ಉಗಿಯಾಗಿದ್ದರೆ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುವುದು ಯಾಕೆ? ಅದು ಅವಳ ತಲೆಗೆ ಹೊಳೆಯಲಿಲ್ಲ.

ಆಗ ಹಾಡು ನಿಂತಿತು. ಮಿಂಚು ಬಿಳಿ ಕೋಟಿನ ಎಡಗೈ ಎತ್ತಿ ಕಫ್ ಮಡಚಿದ. ದೊಡ್ಡ ಪರದೆಯ ಮೇಲೆ, ಎರಡಾಳು ಎತ್ತರಕ್ಕೆ, ಮೂರು ಕೆಂಪು ಹೊಲಿಗೆ ಎದ್ದು ನಿಂತವು.

"ಇದೇನು ಅಂತ ನಿಜವಾಗಿ ನಂಗೂ ಗೊತ್ತಿಲ್ಲ," ಅಂದ. "ಆದ್ರೆ ಈಗ ಇದು ನಿಮ್ಮದು."

ಮೈದಾನದ ತುಂಬ ತೋಳುಗಳು ಎದ್ದವು. ಎತ್ತ ನೋಡಿದರೂ ಗುಬ್ಬಿಕಾಲು. ಇದು ಟಿವಿಯಲ್ಲಿ ಬರುತ್ತದೆ, ಯಜಮಾನರು ನೋಡುತ್ತಾರೆ! ಇಸ್ತ್ರಿಯಕ್ಕನಿಗೆ ಅರಿವಿಲ್ಲದೆಯೇ ಬಾಯಿ ತೆರೆದುಕೊಂಡಿತು.

"ಕಫ್ ಇಳಿಸೋ! ಇಳಿಸೋ ಮಾರಾಯ! ಕಾಣತ್ತೆ!"

ಆ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ಅವಳು ಮತ್ತೆ ಕೂಗಿದಳು. ಇನ್ನೊಂದು ಸಲ ಕೂಗಿದಳು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಸುಮ್ನಿರು ಅನ್ನಲಿಲ್ಲ. ನಾಲ್ಕನೆಯ ಸಲ ಕೂಗುವಾಗ ಅದು ಬೈಗುಳವೋ ಇನ್ನೇನೋ ಅವಳಿಗೇ ಗೊತ್ತಾಗಲಿಲ್ಲ. ಗಂಟಲು ಉರಿಯುತ್ತಿತ್ತು, ಎದೆ ಹಗುರಾಗಿತ್ತು. ಹುಟ್ಟಿದಾಗಿನಿಂದ ಇಷ್ಟು ಜೋರಾಗಿ ಅವಳು ಕೂಗಿದ್ದೇ ಇಲ್ಲ.

ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಮುಂದಿನ ಸೀಟಿನಲ್ಲಿ ಕನ್ನಡಕ ಗಾಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ನಿದ್ದೆಯಲ್ಲೂ ಹೆಬ್ಬೆರಳು ತೋಳಂಚಿನ ಹೊಲಿಗೆಯ ಮೇಲಿತ್ತು. ಗುಬ್ಬಿಯ ಸ್ವರ ಪೂರ್ತಿ ಕೂತುಹೋಗಿತ್ತು.

"ನೀನೂ ಕಿರುಚಿದೆ."

"ಕಿರುಚಲಿಲ್ಲ. ಬೈದೆ."

"ಕಫ್ ಇಳಿಸು ಅಂದೆ. ನಂಗೆ ಕೇಳಿಸ್ತು."

ಗುಬ್ಬಿ ಮತ್ತೂ ಹತ್ತಿರ ಸರಿದು ಪಿಸುಗುಟ್ಟಿದಳು.

"ಅಮ್ಮಾ, ನಂಗೆ ಮೊದಲನೇ ದಿನವೇ ಗೊತ್ತಾಯ್ತು. ಬುಟ್ಟಿಲಿ ಮಲಗಿ ನಾನು ಬೇರೇನು ನೋಡಿದೀನಿ? ನಿನ್ನ ಮಧ್ಯದ ಹೊಲಿಗೆ ಯಾವಾಗ್ಲೂ ಒಂಚೂರು ಉದ್ದ."

"ಮತ್ತೆ ಯಾರಿಗೂ..."

"ಹೇಳ್ಲಿಲ್ಲ. ನಿನ್ನ ಕೆಲಸ ಹೋಗಲ್ವಾ?" ಗುಬ್ಬಿ ಮುಂದಿನ ಸೀಟಿನ ಕಡೆ ಗದ್ದ ತೋರಿದಳು. "ಅವಳಿಗೇನಂತ ಹೇಳ್ಲಿ? ನೀನು ಹೆಜ್ಜೆ ಅಂದ್ಕೊಂಡಿದ್ದು ಕೊಳೆ ಬಟ್ಟೆ ಚೀಟಿ ಅಂತ ಹೇಳ್ಲಾ? ಕ್ಲಾಸಿನ ಹುಡುಗ್ರು ಬಿಡ್ತಾರಾ ಅವಳನ್ನ?"

"ಎಲ್ಲಾ ಗೊತ್ತಿದ್ದೂ ನೀನ್ಯಾಕೆ ಅಷ್ಟು ಅತ್ತೆ?"

"ಗೊತ್ತಿದ್ರೆ ಅಳು ಬರಬಾರ್ದಾ? ಅವನಿಗೋಸ್ಕರ ಅಲ್ಲಮ್ಮ. ಅಂದ್ರೆ, ಅವನಿಗೋಸ್ಕರಾನೂ ಹೌದು. ಆದ್ರೆ ಅಲ್ಲಿ ಎಲ್ಲರೂ ಒಟ್ಟಿಗೆ..." ಗುಬ್ಬಿ ಕೈ ಬೀಸಿದಳು. "ನಂಗೆ ಹೇಳಕ್ಕೆ ಬರಲ್ಲ. ನೀನೂ ಕೂಗಿದೆಯಲ್ಲ, ನೀನೇ ಹೇಳು."

ಇಸ್ತ್ರಿಯಕ್ಕ ಚೀಲದಲ್ಲಿ ಉಳಿದಿದ್ದ ಬ್ರೆಡ್ಡು ತೆಗೆದು ಮಗಳ ಕೈಗಿಟ್ಟಳು.

ಸೋಮವಾರ ಸಂಜೆ ಗುಬ್ಬಿ ಒಂದು ಸುದ್ದಿ ತಂದಳು. ಕನ್ನಡಕ ತರಗತಿಯಲ್ಲಿ ತಾನಾಗಿಯೇ ಎದ್ದು ಪಾಠ ಓದಿದಳಂತೆ. ಒಂದು ಪುಟ ಓದಲು ಅರ್ಧ ಪೀರಿಯಡ್ ಹಿಡಿಯಿತಂತೆ. ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕನಂತೆ. ಅವಳು ತೋಳಂಚು ಹಿಡಿದುಕೊಂಡು ಪುಟದ ಕೊನೆಯವರೆಗೂ ಓದಿಯೇ ಕೂತಳಂತೆ.

ಮಂಗಳವಾರ ಯಜಮಾನರು ಇಸ್ತ್ರಿಯಕ್ಕನನ್ನು ಮುಂದಿನ ಕೋಣೆಗೆ ಕರೆದರು. ಮೇಜಿನ ಮೇಲೆ ಪೇಪರು ಹರಡಿತ್ತು. ಬಿಳಿ ಕಫ್, ಕೆಂಪು ಗುಬ್ಬಿಕಾಲು.

"ಇದು ನಿನ್ನದು ಅಲ್ವೇನಮ್ಮ?"

ಅವಳು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರಬೇಡ. ಹೋಟೆಲ್ ಮ್ಯಾನೇಜರು ಫೋನ್ ಮಾಡಿದ್ದ. ನಗ್ತಿದ್ದ. ಅವನ ಮಗಳೇ ಹಾಕ್ಕೊಂಡಿದ್ದಾಳಂತೆ." ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಬಾಗಿಲ ಮೇಲೆ ದೊಡ್ಡ ಬೋರ್ಡು ಹಾಕ್ತೀನಿ. ಮಿಂಚುವಿನ ಕೋಟು ಒಗೆದದ್ದು ಇಲ್ಲೇ. ಇಸ್ತ್ರಿ ಪೆಟ್ಟಿಗೆ ಹಿಡಿದು ನಿನ್ನ ಫೋಟೋ. ಊರ ಹುಡುಗೀರೆಲ್ಲ ಅಪ್ಪಂದಿರ ಬಟ್ಟೆ ಹೊತ್ಕೊಂಡು ಇಲ್ಲಿಗೇ ಬರ್ತಾರೆ. ಹೋಟೆಲ್ ಬಟ್ಟೆ ಪೂರ್ತಿ ನಿನ್ನ ಕೈಗೆ. ಅಂಗಿಗೆ ಕೂಲಿ ಒಂದೂವರೆ ಪಟ್ಟು. ನೀನು ಹೂಂ ಅನ್ನು, ಪೇಪರಿನವರನ್ನ ಇವತ್ತೇ ಕರೆಸ್ತೀನಿ."

ಕೆಲಸ ಹೋಗುತ್ತದೆಂದು ವಾರವಿಡೀ ಸಂಕಟಪಟ್ಟವಳ ಮುಂದೆ ಒಂದೂವರೆ ಕೂಲಿ ಬಂದು ನಿಂತಿತ್ತು. ತಲೆಯೊಳಗೆ ಲೆಕ್ಕ ತಾನಾಗಿಯೇ ಓಡಿತು. ಎರಡು ತಿಂಗಳಲ್ಲಿ ಟಿಕೆಟ್ಟಿನ ದುಡ್ಡು ವಾಪಸು. ವರ್ಷದೊಳಗೆ ಕಿಟಕಿಯಿರುವ ಮನೆ. ಹೂಂ ಅನ್ನಬೇಕು, ಅಷ್ಟೇ. ತುಟಿ ಸೇರಿಯೂ ಆಗಿತ್ತು. ಆಗ ಬೋರ್ಡು ಕಣ್ಣ ಮುಂದೆ ಬಂತು; ಅದರ ಕೆಳಗೆ ಶಾಲೆಯ ಹುಡುಗರು ನಿಂತು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕದ್ದೂ ಕಂಡಿತು. ತೋಳಂಚನ್ನು ಬೆನ್ನ ಹಿಂದೆ ಅಡಗಿಸಿಕೊಂಡ ಒಬ್ಬ ಹುಡುಗಿಯೂ ಕಂಡಳು.

"ನಂದಲ್ಲ ಯಜಮಾನ್ರೇ."

"ಏನಂದೆ?"

"ಅದು ನನ್ನ ಗುರುತಲ್ಲ. ನಾನು ಕಿತ್ತೇ ಕಳಿಸಿದ್ದು."

"ಇಷ್ಟು ವರ್ಷದಿಂದ ನೋಡ್ತಿದ್ದೀನಿ, ನಂಗೆ ಗೊತ್ತಾಗಲ್ವಾ?"

"ಮೂರು ಗೆರೆ ಯಾರು ಬೇಕಾದ್ರೂ ಹಾಕ್ತಾರೆ. ಈಗ ಊರೇ ಹಾಕ್ಕೊಂಡಿದೆ."

ಯಜಮಾನರು ಹಲ್ಲು ಕಡಿದು ಗಂಜಿಯಮ್ಮನನ್ನು ಕೂಗಿದರು. ಕೋಟು ಮಡಚಿದವಳು ಅವಳೇ. ಗಂಜಿಯಮ್ಮ ಕೈ ಒರೆಸಿಕೊಳ್ಳುತ್ತ ಬಂದಳು, ಪೇಪರು ನೋಡಿದಳು, ಇಸ್ತ್ರಿಯಕ್ಕನ ಮುಖ ನೋಡಿದಳು. ಗುರುತು ಕಂಡಿತ್ತು ಎಂದರೆ ಹಾಗೇ ಯಾಕೆ ಕಳಿಸಿದೆ ಎಂಬ ಪ್ರಶ್ನೆ ತನ್ನ ಬುಡಕ್ಕೇ ಬರುತ್ತದೆಂದು ತಿಳಿಯದಷ್ಟು ದಡ್ಡಿಯಲ್ಲ ಅವಳು.

"ನಾನು ಮಡಚುವಾಗ ಏನೂ ಇರಲಿಲ್ಲಪ್ಪ. ಕೋಟು ಹಾಲಿನ ಹಾಗಿತ್ತು."

ಯಜಮಾನರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಎಸೆದರು. "ಸರಿ. ತನ್ನ ಗುರುತೇ ತನಗೆ ಗೊತ್ತಾಗದವಳಿಗೆ ಹೋಟೆಲ್ ಬಟ್ಟೆ ಯಾಕೆ? ನಾಳೆಯಿಂದ ಅದು ಗಂಜಿಯಮ್ಮಂಗೆ. ನೀನು ಬೆಡ್‌ಶೀಟ್ ನೋಡ್ಕೋ. ಆ ಗುಬ್ಬಿಕಾಲು ನನ್ನ ಅಂಗಡೀಲಿ ಮತ್ತೆ ಕಾಣಬಾರ್ದು. ಬೇರೆ ಗುರುತು ಹಾಕ್ಕೋ."

ಹಿತ್ತಲ ಕೋಣೆಗೆ ಬಂದಮೇಲೆ ಗಂಜಿಯಮ್ಮ ಕಿವಿಯಲ್ಲಿ ಕೇಳಿದಳು. "ತಲೆ ಕೆಟ್ಟಿದೆಯೇನೇ ನಿನಗೆ? ಕೂತಲ್ಲಿಗೆ ಬಂದಿತ್ತು."

"ಹೌದು. ಕೆಟ್ಟಿದೆ," ಅಂದಳು ಇಸ್ತ್ರಿಯಕ್ಕ. ಮೊದಲ ಬೆಡ್‌ಶೀಟಿನ ಮೂಲೆ ಹಿಡಿದು ಎರಡು ನೇರ ಹೊಲಿಗೆ ಹಾಕಿದಳು. ಬೆರಳು ಅಭ್ಯಾಸಬಲದಿಂದ ಮೂರನೆಯದಕ್ಕೆ ಹೊರಟಿತ್ತು. ತಡೆದಳು.

ಹೋದದ್ದು ಇಷ್ಟು: ಟಿಕೆಟ್ಟಿಗೆ ಎಂಟುನೂರು ಅಂಗಿ, ಹೋಟೆಲ್ ಬಟ್ಟೆಯ ಎರಡರಷ್ಟು ಕೂಲಿ, ಬರಬಹುದಾಗಿದ್ದ ಒಂದೂವರೆ, ಕಿಟಕಿಯ ಮನೆ, ಮತ್ತೆ ಹದಿನಾಲ್ಕು ವರ್ಷ ಕೈಗೆ ಅಂಟಿದ್ದ ಗುರುತು. ಬಾಡಿಗೆ ತುಂಬಿಸಲು ಭಾನುವಾರವೂ ಬೆಡ್‌ಶೀಟ್ ಒತ್ತಬೇಕಾಯಿತು, ಸೊಂಟ ನೋವು ಹೆಚ್ಚಾಯಿತು. ಬಂದದ್ದು ಇಷ್ಟು: ಒಬ್ಬ ಹುಡುಗಿಯ ತೋಳಂಚಿನ ಹೊಲಿಗೆ ಹಾಗೇ ಉಳಿಯಿತು, ಮತ್ತೆ ಗುಬ್ಬಿ ಏನಿದ್ದರೂ ಮೊದಲು ಅಮ್ಮನಿಗೇ ಹೇಳತೊಡಗಿದಳು, ಅದೂ ಜೋರಾಗಿ.